ಕ್ಯೋಟೊ ಮತ್ತು ಬಿವಾ ಸರೋವರ: ಒಬ್ಬರೇ ಹೋಗುವವರಿಗೆ, ಕಡಿಮೆ ಖರ್ಚಿನಲ್ಲಿ – ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನಲ್ಲಿ ಇಷ್ಟೊಂದು ಊರುಗಳಿರುವಾಗ ಕ್ಯೋಟೊ ಮತ್ತು ಬಿವಾ ಯಾಕೆ?

ಕ್ಯೋಟೊ ನಿಲ್ದಾಣದಲ್ಲಿ ಪೂರ್ವಕ್ಕೆ ಹೊರಡುವ ರೈಲು ಹತ್ತಿ ಎರಡು ಸುರಂಗ ದಾಟಿದರೆ ಹತ್ತು ನಿಮಿಷದಲ್ಲಿ ಓತ್ಸು. ನಿಲ್ದಾಣದಿಂದ ಇಳಿಜಾರಿನಲ್ಲಿ ಕಾಲು ಗಂಟೆ ನಡೆದರೆ ಜಪಾನಿನ ಅತಿ ದೊಡ್ಡ ಸರೋವರದ ದಂಡೆ. ವಿಸ್ತೀರ್ಣ ಸುಮಾರು 670 ಚದರ ಕಿಲೋಮೀಟರ್. ಇಷ್ಟು ಹತ್ತಿರವಿದ್ದರೂ ಕ್ಯೋಟೊಗೆ ಬಂದ ಬಹುತೇಕರು ಇತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಇಲ್ಲಿ ಕೋಣೆ ಅಗ್ಗ, ರಸ್ತೆ ನಿರಾಳ.

ಊರಿಗೂ ಸರೋವರಕ್ಕೂ ನೀರಿನ ನಂಟಿದೆ. ಕ್ಯೋಟೊ ಕುಡಿಯುವುದು ಬಿವಾ ನೀರನ್ನೇ. ತನಾಬೆ ಸಕುರೊ ಎಂಬ ಯುವ ಎಂಜಿನಿಯರ್ ಬೆಟ್ಟ ಕೊರೆದು ತಂದ ಕಾಲುವೆ 1890ರಲ್ಲಿ ಮುಗಿಯಿತು. ಮರುವರ್ಷ ಅದೇ ನೀರಿನಿಂದ ಕ್ಯೋಟೊದ ಕೆಆಗೆಯಲ್ಲಿ ವಿದ್ಯುತ್ ಹುಟ್ಟಿತು, ನಮ್ಮ ಶಿವನಸಮುದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ನಾನ್‌ಜೆನ್‌ಜಿ ದೇಗುಲದ ಅಂಗಳದಲ್ಲಿ ಇಟ್ಟಿಗೆಯ ಕಮಾನುಗಳ ಮೇಲೆ ಇಂದಿಗೂ ಈ ನೀರು ಹರಿಯುತ್ತದೆ. ಅದನ್ನು ನೋಡಲು ಟಿಕೆಟ್ ಬೇಡ.

ಒಟ್ಟು ಎಷ್ಟು ದಿನ ಇಟ್ಟುಕೊಳ್ಳಬೇಕು?

ಎಂಟು ರಾತ್ರಿ ಸಾಕು. ಕ್ಯೋಟೊ, ನಾರಾ, ಒಸಾಕಾ ಸೇರಿ ಐದು, ಸರೋವರಕ್ಕೆ ಮೂರು. ಈ ಮೂರರಲ್ಲಿ ಸೈಕಲ್ ತುಳಿಯುವುದು ಎರಡೇ ದಿನ, ಇನ್ನೊಂದು ಮಳೆ-ಗಾಳಿಗೆ ಮೀಸಲು. ಈ ಬಿಡುವಿನ ದಿನವನ್ನು ಮಾತ್ರ ಕಡಿತ ಮಾಡಬೇಡಿ. ವಾಪಸ್ ವಿಮಾನದ ಹಿಂದಿನ ದಿನವೇ ಸವಾರಿ ಇಟ್ಟುಕೊಂಡವರು ಮಳೆಯಲ್ಲಿ, ಎದುರುಗಾಳಿಯಲ್ಲಿ ಹಟಕ್ಕೆ ಬಿದ್ದು ತುಳಿಯುತ್ತಾರೆ. ಬೀಳುವುದೂ ಆಗಲೇ.

ವೀಸಾ ಹೇಗೆ?

2024ರ ಏಪ್ರಿಲ್‌ನಿಂದ ಭಾರತೀಯ ಪ್ರವಾಸಿಗರಿಗೆ ಇ-ವೀಸಾ ಇದೆ: ಒಮ್ಮೆ ಪ್ರವೇಶ, ಗರಿಷ್ಠ 90 ದಿನ. ಅರ್ಜಿ ವಿಎಫ್‌ಎಸ್ ಕೇಂದ್ರದ ಮೂಲಕ, ಬೆಂಗಳೂರಿನಲ್ಲೂ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ವಿಮಾನದ ಬುಕಿಂಗ್ ಜೊತೆಗೆ ಯಾವ ದಿನ ಎಲ್ಲಿರುತ್ತೀರಿ ಎಂಬ ದಿನವಾರು ಪಟ್ಟಿ ಕೊಡಬೇಕು. ಸರೋವರದ ಊರುಗಳ ಹೆಸರನ್ನೂ ಅದರಲ್ಲಿ ಬರೆಯಿರಿ.

ಒಂದು ವಿಷಯದಲ್ಲಿ ಅನೇಕರು ಎಡವುತ್ತಾರೆ. ವಿಮಾನ ನಿಲ್ದಾಣದಲ್ಲಿ ಇ-ವೀಸಾವನ್ನು ಫೋನಿನಲ್ಲಿ, ಇಂಟರ್ನೆಟ್ ಚಾಲೂ ಇಟ್ಟು, ಜಾಲತಾಣದಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪಿಡಿಎಫ್, ಪ್ರಿಂಟ್ ಯಾವುದೂ ನಡೆಯುವುದಿಲ್ಲ. ಆದ್ದರಿಂದ ಇ-ಸಿಮ್ ಅಥವಾ ರೋಮಿಂಗ್ ಹೊರಡುವ ಮೊದಲೇ ಸಿದ್ಧವಿರಲಿ. ವಲಸೆ ಮತ್ತು ಕಸ್ಟಮ್ಸ್ ವಿವರಗಳನ್ನು ‘ವಿಸಿಟ್ ಜಪಾನ್ ವೆಬ್’ನಲ್ಲಿ ಮೊದಲೇ ತುಂಬಿಟ್ಟರೆ ಇಳಿದ ಮೇಲೆ ಕ್ಯೂಆರ್ ಕೋಡ್ ತೋರಿಸಿ ಹೊರಬರಬಹುದು.

ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನವಿದೆಯಲ್ಲ, ಅದೇ ಒಳ್ಳೆಯದಲ್ಲವೇ?

ಟೋಕಿಯೊ ನೋಡುವುದಿದ್ದರೆ ಹೌದು. ಕ್ಯೋಟೊ-ಬಿವಾ ಮಾತ್ರವಾದರೆ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಹೋಗುವುದೇ ಲಾಭ. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿಬರಲು 28,000. ಯೆನ್ನಿಗೆ 60 ಪೈಸೆ ಹಿಡಿದರೂ ಹದಿನಾರು ಸಾವಿರ ರೂಪಾಯಿ ದಾಟಿತು.

ಕನ್ಸಾಯ್‌ನಿಂದ ಕ್ಯೋಟೊಗೆ ‘ಹಾರುಕಾ’ ಎಕ್ಸ್‌ಪ್ರೆಸ್ ಸುಮಾರು 80 ನಿಮಿಷ. ಇನ್ನೂ ಉಳಿಸಬೇಕಿದ್ದರೆ ಸಾಮಾನ್ಯ ರೈಲಿನಲ್ಲಿ ಒಸಾಕಾಗೆ ಬಂದು ಅಲ್ಲಿ ‘ಶಿಂಕಾಯ್‌ಸೋಕು’ ಹತ್ತಿ. ಈ ಹೆಸರು ನೆನಪಿಡಿ. ವೇಗದ ರೈಲಾದರೂ ಹೆಚ್ಚುವರಿ ದರವಿಲ್ಲ. ಇಡೀ ಪ್ರವಾಸದಲ್ಲಿ ನಿಮ್ಮ ಹಣ ಉಳಿಸುವುದು ಇದೇ.

ಜೆಆರ್ (ಜಪಾನ್ ರೈಲ್ವೆ) ಪಾಸ್ ಕೊಳ್ಳಬೇಕೆ?

ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ ಒಮ್ಮೆಲೇ 50,000ಕ್ಕೆ ಏರಿತು. ಈ ಪ್ರವಾಸದ ರೈಲು ಖರ್ಚು ಅದರ ಕಾಲು ಭಾಗವೂ ಆಗುವುದಿಲ್ಲ. ಮೊದಲೇ ಹಣ ತುಂಬಿಟ್ಟುಕೊಳ್ಳುವ ಇಕೋಕಾ ಕಾರ್ಡ್ ಕೊಂಡರೆ ಸಾಕು (500 ಯೆನ್ ಠೇವಣಿ). ರೈಲು, ಬಸ್ಸು, ಅಂಗಡಿ, ಕೆಲವು ಲಾಕರ್‌ಗಳಲ್ಲೂ ನಡೆಯುತ್ತದೆ.

ದಿನಕ್ಕೆ ಎಷ್ಟು ಖರ್ಚು?

ವಿಮಾನ ಬಿಟ್ಟು, ಕೈ ಹಿಡಿದು ಖರ್ಚು ಮಾಡಿದರೆ ದಿನಕ್ಕೆ 7,000ದಿಂದ 9,000 ಯೆನ್. ಹಾಸ್ಟೆಲ್ ಹಾಸಿಗೆ 3,000–4,500, ಊಟ 2,000–2,500, ಓಡಾಟ 1,000, ಪ್ರವೇಶ ಶುಲ್ಕ 1,000 ಆಸುಪಾಸು. ಸೈಕಲ್ ದಿನಗಳಲ್ಲಿ ಬಾಡಿಗೆ ಸೇರುತ್ತದೆ, ಪ್ರವೇಶ ಶುಲ್ಕ ಇರುವುದಿಲ್ಲ.

ಚೆರ್ರಿ ಹೂವಿನ ಸಮಯ ಮತ್ತು ನವೆಂಬರ್ ಎರಡನೇ ಅರ್ಧದಲ್ಲಿ ಕ್ಯೋಟೊ ಕೋಣೆಯ ಬೆಲೆ ಎರಡು-ಮೂರು ಪಟ್ಟಾಗುತ್ತದೆ. ಆಗ ಓತ್ಸು ಅಥವಾ ಕುಸಾತ್ಸುವಿನಲ್ಲಿ ಉಳಿದುಕೊಂಡು ಕ್ಯೋಟೊ ನೋಡಿ. ಕುಸಾತ್ಸುವಿನಿಂದ ಶಿಂಕಾಯ್‌ಸೋಕುವಿನಲ್ಲಿ ಇಪ್ಪತ್ತು ನಿಮಿಷ ಮಾತ್ರ. ಕ್ಯೋಟೊದ ವಸತಿ ತೆರಿಗೆಯೂ 2026ರ ಮಾರ್ಚ್‌ನಿಂದ ಏರಿದೆ: ತಲೆಗೆ, ರಾತ್ರಿಗೆ 6,000 ಯೆನ್ ಒಳಗಿನ ಕೋಣೆಗೆ 200, 20,000ದ ಒಳಗಿದ್ದರೆ 400.

ನಗದಿಗೆ ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂ ನಂಬಬಹುದು. ಸರೋವರದ ಉತ್ತರ ದಂಡೆಯ ಸಣ್ಣ ಊಟದಂಗಡಿಗಳಲ್ಲಿ ಕಾರ್ಡ್ ನಡೆಯುವುದು ಕಷ್ಟ. ಹತ್ತು ಸಾವಿರ ಯೆನ್ ಜೇಬಿನಲ್ಲಿರಲಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಆಮೇಲೆ ಅಕ್ಟೋಬರ್ ಮತ್ತು ನವೆಂಬರ್ ಮೊದಲರ್ಧ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’ ರಜೆ ತಪ್ಪಿಸಿ. ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆ. ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವ ಸೆಖೆ, ಬಳ್ಳಾರಿಯ ಬಿಸಿಲಿಗೆ ಮಂಗಳೂರಿನ ಬೆವರು ಸೇರಿದ ಹಾಗೆ. ಚಳಿಗಾಲದಲ್ಲಿ ಉತ್ತರ ದಂಡೆಗೆ ದಟ್ಟ ಹಿಮ ಬೀಳುತ್ತದೆ. ಸೈಕಲ್ ಮಾತೇ ಬೇಡ.

ನವೆಂಬರ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ದಿನದ ದೂರವನ್ನು ಈ ಲೆಕ್ಕದ ಮೇಲೆ ಕತ್ತರಿಸಿ.

ಕ್ಯೋಟೊ ನಗರವನ್ನು ಕಡಿಮೆ ಖರ್ಚಿನಲ್ಲಿ, ನೂಕುನುಗ್ಗಲಿಲ್ಲದೆ ನೋಡುವುದು ಹೇಗೆ?

ಬೆಳಗ್ಗೆ ಬೇಗ ಏಳಿ, ಅಷ್ಟೆ. ಫುಶಿಮಿ ಇನಾರಿ ಗುಡಿಗೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ. ಆರೂವರೆಗೆ ಹೋದರೆ ಆ ಕೆಂಪು ಕಮಾನುಗಳ ಸಾಲಿನಲ್ಲಿ ನಿಮ್ಮ ಹೆಜ್ಜೆಯ ಸದ್ದೇ ನಿಮಗೆ ಕೇಳುತ್ತದೆ. ಹತ್ತು ಗಂಟೆಗೆ ಹೋದರೆ ಮುಂದಿನವರ ಬೆನ್ನು ಕಾಣುತ್ತದೆ. ಕಿಯೊಮಿಜು ದೇಗುಲ ಬೆಳಗ್ಗೆ ಆರಕ್ಕೇ ತೆರೆಯುತ್ತದೆ, ಪ್ರವೇಶ 500 ಯೆನ್. ಕಿಂಕಾಕುಜಿ ದೇಗುಲ ಒಂಬತ್ತಕ್ಕೆ.

ಹಳೆಯ ಪುಸ್ತಕಗಳಲ್ಲಿ ಓದಿದ ಬಸ್ಸಿನ ಒಂದು ದಿನದ ಪಾಸ್ ಈಗಿಲ್ಲ. ಬಸ್ಸು-ಮೆಟ್ರೊ ಎರಡಕ್ಕೂ ಸೇರಿದ ಪಾಸ್ 1,100 ಯೆನ್, ಬಿಡಿ ಬಸ್ ಟಿಕೆಟ್ 230. ಐದು ಸಲ ಹತ್ತಿದರಷ್ಟೇ ಗಿಟ್ಟುತ್ತದೆ. ದೊಡ್ಡ ದೂರಕ್ಕೆ ರೈಲು ಅಥವಾ ಮೆಟ್ರೊ, ಉಳಿದದ್ದಕ್ಕೆ ಬಾಡಿಗೆ ಸೈಕಲ್ ಅಥವಾ ಕಾಲು ಎಂದಿಟ್ಟುಕೊಳ್ಳಿ.

ಸರೋವರಕ್ಕೆ ಹೋಗುವ ಮೊದಲು ಊರಲ್ಲೊಂದು ದಿನ ಸೈಕಲ್ ತೆಗೆದುಕೊಳ್ಳಿ (ದಿನಕ್ಕೆ 1,000 ಯೆನ್ ಆಸುಪಾಸು). ಕಾಮೊ ನದಿಯ ದಂಡೆಯಲ್ಲಿ ಉತ್ತರ-ದಕ್ಷಿಣ ಓಡಾಡಿದರೆ ಇಲ್ಲಿನ ಸಿಗ್ನಲ್, ತಿರುವು, ಬ್ರೇಕು ಕೈಗೆ ಹತ್ತುತ್ತವೆ. ತೆರಾಮಾಚಿ, ಶಿಂಕ್ಯೋಗೊಕು ಅಂಗಡಿ ಬೀದಿಗಳಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು. ಸಿಕ್ಕಲ್ಲಿ ನಿಲ್ಲಿಸಿದರೆ ನಗರಸಭೆಯವರು ಎತ್ತಿಕೊಂಡು ಹೋಗುತ್ತಾರೆ, ಬಿಡಿಸಿಕೊಳ್ಳಲು ದಂಡ ಮತ್ತು ಅರ್ಧ ದಿನ. ಸೈಕಲ್ ಸ್ಟ್ಯಾಂಡಿಗೆ ಕೊಡುವ 200 ಯೆನ್ ಅದರ ಮುಂದೆ ಏನೂ ಅಲ್ಲ.

ಬಿವಾ-ಇಚಿ ಅಂದರೇನು? ಎಷ್ಟು ದೂರ?

ಬಿವಾ ಸರೋವರಕ್ಕೆ ಒಂದು ಸುತ್ತು ಎಂಬುದರ ಮೊಟಕು ಹೆಸರು. ಪೂರ್ತಿ ಸುತ್ತು ಸುಮಾರು 200 ಕಿಲೋಮೀಟರ್. ದಕ್ಷಿಣದ ಕಿರಿದಾದ ಭಾಗ ಬಿಟ್ಟು ಬಿವಾಕೊ ಓಹಾಶಿ ಸೇತುವೆ ದಾಟಿ ಉತ್ತರ ಭಾಗವನ್ನಷ್ಟೇ ಸುತ್ತಿದರೆ ಸುಮಾರು 150. 2019ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಸೈಕಲ್ ಮಾರ್ಗವೆಂದು ಘೋಷಿಸಿತು. ರಸ್ತೆಯ ಎಡಬದಿಯಲ್ಲಿ ನೀಲಿ ಬಾಣದ ಗುರುತುಗಳಿವೆ.

ಮೊದಲ ಸಲ ಹೋಗುವವರಿಗೆ ಉತ್ತರದ 150 ಸಾಕು. ದಕ್ಷಿಣ ಭಾಗದಲ್ಲಿ ಊರು ದಟ್ಟ, ಸಿಗ್ನಲ್ ಹೆಚ್ಚು, ನೋಟ ಕಡಿಮೆ.

ಯಾವ ದಿಕ್ಕಿನಲ್ಲಿ ಸುತ್ತಬೇಕು?

ಅಪ್ರದಕ್ಷಿಣೆಯಾಗಿ. ದೇವಸ್ಥಾನ ಸುತ್ತುವ ನಮ್ಮ ಅಭ್ಯಾಸಕ್ಕೆ ತಿರುಗುಮುರುಗು, ಆದರೆ ಕಾರಣ ಗಟ್ಟಿಯಾಗಿದೆ. ಜಪಾನಿನಲ್ಲೂ ನಮ್ಮಂತೆ ಎಡಗಡೆ ಸಂಚಾರ. ಅಪ್ರದಕ್ಷಿಣೆ ಹೋದರೆ ಸರೋವರ ನಿಮ್ಮ ಎಡಕ್ಕೇ ಇರುತ್ತದೆ: ನೀರಿಗೂ ನಿಮಗೂ ನಡುವೆ ವಾಹನಗಳಿಲ್ಲ, ಎಡಕ್ಕೆ ಸೇರುವ ಅಡ್ಡರಸ್ತೆಗಳೂ ಕಡಿಮೆ.

ಎರಡು ದಿನದ ದಾರಿ ಹೇಗಿರಬೇಕು?

ಪೂರ್ವ ದಂಡೆಯ ಮೈಬಾರಾದಿಂದ ಶುರು ಮಾಡಿ. ಕ್ಯೋಟೊದಿಂದ ಶಿಂಕಾಯ್‌ಸೋಕು ಒಂದು ಗಂಟೆಯೊಳಗೆ ತಲುಪಿಸುತ್ತದೆ, ಟಿಕೆಟ್ ಸುಮಾರು 1,200 ಯೆನ್.

ಮೊದಲ ದಿನ ಮೈಬಾರಾದಿಂದ ಇಮಾಜುವರೆಗೆ ಸುಮಾರು 70 ಕಿಲೋಮೀಟರ್. ಹತ್ತು ಕಿಲೋಮೀಟರ್‌ಗೆ ನಾಗಾಹಾಮಾ, ಗಾಜಿನ ಕುಸುರಿಗೆ ಹೆಸರಾದ ಕುರೊಕಾಬೆ ಬೀದಿ ಇಲ್ಲಿದೆ. ಮುಂದೆ ಸಮತಟ್ಟಾದ ದಂಡೆ. ಕೊಹೊಕು ಮಿಜುದೊರಿ ಎಂಬ ರಸ್ತೆಬದಿಯ ತಂಗುದಾಣದಲ್ಲಿ ನೀರು ತುಂಬಿಸಿ, ತಿಂಡಿ ಕೊಳ್ಳಿ, ಯಾಕೆಂದರೆ ಆಚೆಗೆ ಅಂಗಡಿಗಳು ಅಪರೂಪ. ಶಿಜುಗತಾಕೆ ಬೆಟ್ಟದ ಬುಡದಲ್ಲಿ ಇಡೀ ಸುತ್ತಿನ ಮೊದಲ ಏರು ಸಿಗುತ್ತದೆ. ಹಳೆಯ ರಸ್ತೆಯ ಸುರಂಗದೊಳಗೆ ಹೋಗುವ ಮೊದಲು ಮುಂದಿನ, ಹಿಂದಿನ ದೀಪ ಎರಡನ್ನೂ ಹಾಕಿ. ಸುರಂಗ ಬಿಟ್ಟು ಹೊರಬಂದೊಡನೆ ಕೆಳಗೆ ಸರೋವರ ಹರಡಿಕೊಳ್ಳುತ್ತದೆ. ಇಡೀ ಸುತ್ತಿನಲ್ಲಿ ಇದಕ್ಕಿಂತ ಚೆಲುವಾದ ತಿರುವು ಇನ್ನೊಂದಿಲ್ಲ. ಇಳಿಜಾರಿನಲ್ಲಿ ತೂರಿಕೊಂಡು ಹೋಗದೆ ಬದಿಯಲ್ಲಿ ನಿಲ್ಲಿ.

ಆಮೇಲೆ ಕಾಯ್‌ಜು-ಓಸಾಕಿ. ಏಪ್ರಿಲ್ ಮಧ್ಯದಲ್ಲಿ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಚೆರ್ರಿ ಮರಗಳು ನೀರಿನ ಮೇಲೆ ಬಾಗಿ ಹೂ ಬಿಟ್ಟಿರುತ್ತವೆ, ಕ್ಯೋಟೊದ ಹೂ ಉದುರಿದ ಮೇಲೆ. ಕಾಲಲ್ಲಿ ಬಲವಿದ್ದರೆ ಮಾಕಿನೊದಲ್ಲಿ ದಂಡೆ ಬಿಟ್ಟು ಒಳಕ್ಕೆ ಹೋಗಿ 2.4 ಕಿಲೋಮೀಟರ್ ಉದ್ದದ ಮೆಟಾಸಿಕೋಯ ಸಾಲುಮರ ನೋಡಿ. ರಾತ್ರಿ ಮಾಕಿನೊ ಅಥವಾ ಇಮಾಜುವಿನಲ್ಲಿ. ಇಲ್ಲಿ ವಸತಿ ಕಡಿಮೆ, ಮೊದಲೇ ಕಾದಿರಿಸಿ. ರಾತ್ರಿ ಊಟದಂಗಡಿಗಳು ಏಳೂವರೆ-ಎಂಟಕ್ಕೆ ಮುಚ್ಚುತ್ತವೆ.

ಎರಡನೇ ದಿನ ಸುಮಾರು 80 ಕಿಲೋಮೀಟರ್. ತಕಾಶಿಮಾ ದಾಟಿದ ಮೇಲೆ ನೀರಿನೊಳಗೆ ನಿಂತ ಕೆಂಪು ಕಮಾನಿನ ಶಿರಾಹಿಗೆ ದೇಗುಲ ಬರುತ್ತದೆ. ಇಡೀ ದಾರಿಯಲ್ಲಿ ಅತ್ಯಂತ ಅಪಾಯದ ಜಾಗವೂ ಇದೇ. 161ನೇ ಹೆದ್ದಾರಿ ಇಲ್ಲಿ ಇಕ್ಕಟ್ಟು, ಲಾರಿಗಳು ಭುಜ ಸವರಿಕೊಂಡು ಹೋಗುತ್ತವೆ. ಕಮಾನು ನೀರಿನ ಕಡೆ, ಗುಡಿ ರಸ್ತೆಯ ಆಚೆ ಕಡೆ. ಫೋಟೊಗೆಂದು ರಸ್ತೆಗೆ ಅಡ್ಡ ನುಗ್ಗಿ ಇಲ್ಲಿ ಜನ ಸತ್ತಿದ್ದಾರೆ. ದಯವಿಟ್ಟು ದಾಟಬೇಡಿ. ಗುಡಿ ನೋಡಲೇಬೇಕಿದ್ದರೆ ಇನ್ನೊಂದು ದಿನ ಓಮಿ-ತಕಾಶಿಮಾ ನಿಲ್ದಾಣದಿಂದ ಬನ್ನಿ. ಗುಡಿಯ ಬದಿಯಲ್ಲೇ ನೋಡುವ ಕಟ್ಟೆ ಇದೆ.

ಕಾತಾತಾದಲ್ಲಿ 1.4 ಕಿಲೋಮೀಟರ್ ಉದ್ದದ ಬಿವಾಕೊ ಓಹಾಶಿ ಸೇತುವೆ; ಕಾರಿಗೆ ಸುಂಕ, ಸೈಕಲ್‌ಗೆ ಇಲ್ಲ. ಆಚೆ ದಂಡೆಯಲ್ಲಿ ಓಮಿ-ಹಾಚಿಮಾನ್ ಮೇಲಿಂದ ಹಿಕೋನೆ. ಜಪಾನಿನಲ್ಲಿ ಮೂಲ ಗೋಪುರ ಉಳಿದಿರುವ ಹನ್ನೆರಡೇ ಕೋಟೆಗಳಲ್ಲಿ ಹಿಕೋನೆಯೂ ಒಂದು. ಅಲ್ಲಿಂದ ಮೈಬಾರಾ ಅರ್ಧ ಗಂಟೆಯ ತುಳಿತ.

ಸರೋವರದೊಳಗಿನ ಚಿಕುಬು ದ್ವೀಪಕ್ಕೆ ಹೋಗಬಹುದೇ?

ಬಿಡುವಿನ ದಿನಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾಗಾಹಾಮಾದಿಂದ ದೋಣಿ ಅರ್ಧ ಗಂಟೆ, ಇಮಾಜುವಿನಿಂದಲೂ ಇದೆ. ಇಳಿದೊಡನೆ 165 ಕಲ್ಲಿನ ಮೆಟ್ಟಿಲು, ಮೇಲೆ ಹೋಗೊನ್‌ಜಿ ದೇಗುಲ. ಇಲ್ಲಿನ ಬೆನ್‌ಜಾಯ್‌ತೆನ್ ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾ ಮಾರ್ಗವಾಗಿ ಬಂದವಳು, ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ಸರೋವರದ ಹೆಸರನ್ನೂ ಈ ವಾದ್ಯದ ಆಕಾರಕ್ಕೇ ಹೋಲಿಸುತ್ತಾರೆ. ದೋಣಿಗಳು ದಿನಕ್ಕೆ ಕೆಲವೇ, ಗಾಳಿ ಜೋರಾದರೆ ಅವೂ ಇಲ್ಲ.

ಸೈಕಲ್ ಎಲ್ಲಿ ಸಿಗುತ್ತದೆ? ಯಾವುದು ತೆಗೆದುಕೊಳ್ಳಲಿ?

ಮೈಬಾರಾ ನಿಲ್ದಾಣದಲ್ಲೇ ಬಾಡಿಗೆ ಅಂಗಡಿ ಇದೆ. ಮೊರಿಯಾಮಾ, ಓತ್ಸುಗಳಲ್ಲೂ ಇವೆ. ಜಾಲತಾಣದಲ್ಲಿ ಎತ್ತರ ತಿಳಿಸಿ ಮೊದಲೇ ಕಾದಿರಿಸಿ, ಪಾಸ್‌ಪೋರ್ಟ್ ಒಯ್ಯಿರಿ. 160 ಸೆಂಟಿಮೀಟರ್‌ಗಿಂತ ಕಡಿಮೆ, 180ಕ್ಕಿಂತ ಹೆಚ್ಚು ಎತ್ತರದವರಿಗೆ ಸರಿಯಾದ ಅಳತೆಯ ಸೈಕಲ್‌ಗಳು ಬೇಗ ಖಾಲಿಯಾಗುತ್ತವೆ.

ನೆಟ್ಟಗಿನ ಹ್ಯಾಂಡಲ್ ಇರುವ ಕ್ರಾಸ್ ಬೈಕ್ ತೆಗೆದುಕೊಳ್ಳಿ. ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ರೂಢಿಯಿಲ್ಲದವರಿಗೆ ಮೊದಲ ದಿನವೇ ಕುತ್ತಿಗೆ, ಅಂಗೈ ಹಿಡಿದುಕೊಳ್ಳುತ್ತವೆ. ಮುಂದೆ ಬುಟ್ಟಿ ಇರುವ ಮಾಮಾಚಾರಿ 20 ಕಿಲೋಮೀಟರ್‌ಗೆ ಸರಿ, 150ಕ್ಕೆ ಅಲ್ಲ.

ಸೀಟಿನ ಎತ್ತರವನ್ನು ಅಂಗಡಿಯಲ್ಲೇ ಸರಿಮಾಡಿಸಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಾಗಿದ್ದರೆ ನಲವತ್ತನೇ ಕಿಲೋಮೀಟರ್‌ಗೆ ಮಂಡಿ ನೋವು ಶುರುವಾಗುತ್ತದೆ. ದೀಪ, ಬೀಗ, ಪಂಪು, ಬಿಡಿ ಟ್ಯೂಬ್ ಇವೆಯೇ ಎಂದು ಕೇಳಿ, ಕಣ್ಣಾರೆ ನೋಡಿ. ಸರೋವರವಿರುವ ಶಿಗಾ ಪ್ರಾಂತದಲ್ಲಿ ಸೈಕಲ್ ವಿಮೆ ಕಡ್ಡಾಯ. ಬಾಡಿಗೆಯಲ್ಲಿ ಸೇರಿದೆಯೇ ಎಂದೂ ಖಚಿತ ಮಾಡಿಕೊಳ್ಳಿ.

ಪಂಕ್ಚರ್ ಆದರೆ?

ಹೆಚ್ಚಿನ ಪಂಕ್ಚರ್‌ಗಳಿಗೆ ಮೊಳೆ ಕಾರಣವಲ್ಲ, ಗಾಳಿ ಕಡಿಮೆ ಇದ್ದದ್ದು ಕಾರಣ. ಫುಟ್‌ಪಾತಿನ ಅಂಚಿಗೆ ಚಕ್ರ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಒತ್ತಡಕ್ಕೆ ಬೆಳಗ್ಗೆಯೇ ಗಾಳಿ ತುಂಬಿಸಿ.

ಇಲ್ಲಿ ಒಂದು ಸೂಕ್ಷ್ಮ. ಮಾಮಾಚಾರಿಯ ವಾಲ್ವ್ ನಮ್ಮೂರಿನ ಹಳೇ ಸೈಕಲ್‌ಗಳದ್ದೇ, ರಬ್ಬರ್ ವಾಲ್‌ಟ್ಯೂಬ್ ಇರುವಂಥದ್ದು. ಕ್ರಾಸ್ ಬೈಕಿನದು ಪೆನ್ಸಿಲ್‌ನಂತೆ ಸಣ್ಣಗಿನ ಪ್ರೆಸ್ಟಾ. ಅದರ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಬೆರಳಿಂದ ಒಮ್ಮೆ ಒತ್ತಿ ‘ಪುಸ್’ ಎನ್ನಿಸಿದ ಮೇಲೇ ಪಂಪು ಹಚ್ಚಬೇಕು. ತಿರುಪು ಬಿಚ್ಚದೆ ಪಂಪು ಹೊಡೆದರೆ ಗಾಳಿ ಒಳಗೆ ಹೋಗದು. ಪಂಪನ್ನು ಓರೆಯಾಗಿ ಎಳೆದರೆ ಆ ಕಡ್ಡಿ ಬಾಗಿ ಮುರಿಯುತ್ತದೆ. ದಾರಿಯಲ್ಲಿ ‘ಸೈಕಲ್ ಸಪೋರ್ಟ್ ಸ್ಟೇಷನ್’ ಫಲಕ ಇರುವ ಅಂಗಡಿಗಳಲ್ಲಿ ಪಂಪು, ಸಲಕರಣೆ, ಶೌಚಾಲಯ ಸಿಗುತ್ತವೆ.

ಸೈಕಲ್ಲನ್ನು ರೈಲಿಗೆ ಹತ್ತಿಸಬಹುದೇ?

ಹಾಗೇ ಹತ್ತಿಸುವಂತಿಲ್ಲ. ಜೆಆರ್ ರೈಲಿನಲ್ಲಿ ಚಕ್ರ ಬಿಚ್ಚಿ ಅಥವಾ ಮಡಚಿ, ಪೂರ್ತಿ ಚೀಲದೊಳಗೆ ಹಾಕಿದರೆ ಉಚಿತವಾಗಿ ಒಯ್ಯಬಹುದು. ಇದಕ್ಕೆ ‘ರಿಂಕೊ’ ಎನ್ನುತ್ತಾರೆ. ಸೀಟಿನ ತುದಿಯೂ ಹೊರಗೆ ಕಾಣಬಾರದು. ಬಾಡಿಗೆ ಸೈಕಲ್‌ನವರಿಗೆ ಇದು ತಲೆನೋವೇ.

ಸೈಕಲ್ ನಿಯಮ ತಪ್ಪಿದರೆ ವಿದೇಶಿಯರಿಗೂ ದಂಡವೇ?

ಹೌದು. 2026ರ ಏಪ್ರಿಲ್ 1ರಿಂದ 16 ವರ್ಷ ಮೇಲ್ಪಟ್ಟ ಸೈಕಲ್ ಸವಾರರಿಗೆ ‘ನೀಲಿ ಚೀಟಿ’ ದಂಡ ಜಾರಿಯಲ್ಲಿದೆ. ತುಳಿಯುತ್ತ ಫೋನ್ ಹಿಡಿದರೆ 12,000 ಯೆನ್, ಕೆಂಪು ದೀಪ ದಾಟಿದರೆ ಅಥವಾ ಬಲಗಡೆ ಹೋದರೆ 6,000, ರಾತ್ರಿ ದೀಪವಿಲ್ಲದಿದ್ದರೆ 5,000. ಕುಡಿದು ತುಳಿದರೆ ಜೈಲಿನವರೆಗೂ ಹೋಗಬಹುದು. ಹೆಲ್ಮೆಟ್ ಹಾಕಬೇಕೆಂದು ಕಾನೂನು ಹೇಳುತ್ತದೆ, ದಂಡವಿಲ್ಲ, ಹಾಕಿಕೊಳ್ಳಿ.

ಸಸ್ಯಾಹಾರಿಗಳು ಏನು ತಿನ್ನಬೇಕು?

ಮಾಂಸ ತಪ್ಪಿಸುವುದು ಸುಲಭ, ‘ದಾಶಿ’ ಕಷ್ಟ. ಒಣಮೀನಿನ ಈ ಸಾರು ಮಿಸೊ ಸೂಪಿನಲ್ಲಿ, ಉದೋನ್ ಶ್ಯಾವಿಗೆಯಲ್ಲಿ, ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ಕ್ಯೋಟೊದಲ್ಲಿ ಬೌದ್ಧ ದೇಗುಲಗಳ ‘ಶೋಜಿನ್’ ಊಟ ಶುದ್ಧ ಸಸ್ಯಾಹಾರ, ಬೆಲೆ ಮಾತ್ರ ಹೆಚ್ಚು. ಒಂದು ಹೊತ್ತಿಗೆ ಸಾಕು. ಅಲ್ಲಿ ಭಾರತೀಯ, ವೀಗನ್ ಹೋಟೆಲುಗಳೂ ಇವೆ.

ಸರೋವರದ ಉತ್ತರದಲ್ಲಿ ಅಂಗಡಿಯ ಮೇಲೆಯೇ ಅವಲಂಬನೆ. ಬಾಳೆಹಣ್ಣು, ಹುರಿದ ಗೆಣಸು, ಉಪ್ಪುಪ್ಪು ಅನ್ನದುಂಡೆ, ಸೋಯಾ ಹಾಲು, ತೋಫು, ಕಡಲೆಬೀಜ. ‘ಉಮೆ’ ಅನ್ನದುಂಡೆಯೊಳಗೆ ಉಪ್ಪಿನಕಾಯಿಯಂಥ ಹುಳಿಹಣ್ಣು ಇರುತ್ತದೆ, ಮಸಾಲೆಯಲ್ಲಿ ಮೀನಿನ ಸತ್ವ ಸೇರಿರಬಹುದು. ಪೊಟ್ಟಣದ ಹಿಂಬದಿಯನ್ನು ಫೋನಿನ ಅನುವಾದ ಆ್ಯಪ್‌ನಲ್ಲಿ ಓದಿಸಿ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು-ಅವಲಕ್ಕಿ ಡಬ್ಬಿಗಳನ್ನು ಊರಿಂದ ತಂದರೆ ಎರಡು ರಾತ್ರಿ ನಿಶ್ಚಿಂತೆ. ಚಟ್ನಿಪುಡಿಯೂ ಬರಲಿ. ಹಸಿ ತರಕಾರಿ, ಹಣ್ಣು, ಕರಿಬೇವಿನ ಸೊಪ್ಪು ತರಬೇಡಿ, ಕ್ವಾರಂಟೀನ್‌ನಲ್ಲಿ ಹಿಡಿಯುತ್ತಾರೆ. ಮಾಂಸದ ಪದಾರ್ಥವಂತೂ ಕೂಡದು. ನಮ್ಮ 230 ವೋಲ್ಟ್ ಕೆಟಲ್ ಅಲ್ಲಿನ 100 ವೋಲ್ಟಿನಲ್ಲಿ ಸರಿಯಾಗಿ ಕಾಯುವುದಿಲ್ಲ.

ದೊಡ್ಡ ಬ್ಯಾಗ್ ಏನು ಮಾಡಲಿ?

ಕ್ಯೋಟೊ ಹಾಸ್ಟೆಲಿನಲ್ಲಿ ಬಿಟ್ಟು ಹೋಗಿ. ಮರಳಿ ಅಲ್ಲಿಗೇ ಬರುವವರಾದರೆ ಹೆಚ್ಚಿನವರು ಇಟ್ಟುಕೊಳ್ಳುತ್ತಾರೆ. ಇಲ್ಲವಾದರೆ ‘ತಕ್ಕ್ಯೂಬಿನ್’ ಕೊರಿಯರ್‌ನಲ್ಲಿ ಮುಂದಿನ ವಸತಿಗೆ ಕಳಿಸಿ, ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಸೈಕಲ್ ಮೇಲೆ ಐದು ಕಿಲೋಗಿಂತ ಹೆಚ್ಚು ಬೇಡ, ಅದೂ ಬೆನ್ನಿಗಲ್ಲ, ಕ್ಯಾರಿಯರ್‌ಗೆ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದೇ?

ಹೋಗಬಹುದು. ಮಹಿಳೆಯರಿಗಷ್ಟೇ ಮೀಸಲಾದ ಡಾರ್ಮ್‌ಗಳು ಸುಲಭವಾಗಿ ಸಿಗುತ್ತವೆ. ಉತ್ತರ ದಂಡೆಯಲ್ಲಿ ಅಂಜಬೇಕಾದದ್ದು ಕತ್ತಲು ಮತ್ತು ನಿರ್ಜನ ರಸ್ತೆಗೆ. ಬೆಳಕಿರುವಾಗಲೇ ವಸತಿ ಸೇರಿ. ಪೊಲೀಸ್ 110, ಆಂಬುಲೆನ್ಸ್ 119. ಪ್ರವಾಸಿಗರ ಸಹಾಯವಾಣಿ 050-3816-2787, ಇಂಗ್ಲಿಷಿನಲ್ಲಿ, ದಿನದ 24 ಗಂಟೆ.

ಮಧ್ಯದಲ್ಲೇ ಕೈಲಾಗದೆ ಹೋದರೆ ವಾಪಸ್ ಬರುವುದು ಹೇಗೆ?

ಪೂರ್ವ ದಂಡೆಯಲ್ಲಿ ಬಿವಾಕೊ ಲೈನ್ ಮತ್ತು ಹೊಕುರಿಕು ಲೈನ್, ಪಶ್ಚಿಮದಲ್ಲಿ ಕೊಸೆಯ್ ಲೈನ್. ಹೆಚ್ಚಿನ ಕಡೆ ರೈಲು ನಿಲ್ದಾಣ ಕೆಲವೇ ಕಿಲೋಮೀಟರ್ ದೂರ. ಮೊದಲು ಬಾಡಿಗೆ ಅಂಗಡಿಗೆ ಫೋನ್ ಮಾಡಿ. ಕೆಲವರು ಬೇರೆ ಊರಲ್ಲಿ ಸೈಕಲ್ ಬಿಡಲು ಒಪ್ಪುತ್ತಾರೆ, ಕೆಲವರು ಬಂದು ಒಯ್ಯಲು ಹಣ ಕೇಳುತ್ತಾರೆ. ಈ ದರವನ್ನು ಸೈಕಲ್ ಪಡೆಯುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಪಶ್ಚಿಮದಲ್ಲಿ ಹಿರಾ ಬೆಟ್ಟಗಳಿಂದ ಇಳಿಯುವ ಗಾಳಿ ಜೋರಾದರೆ ಕೊಸೆಯ್ ಲೈನೇ ನಿಂತುಬಿಡುತ್ತದೆ. ಗಾಳಿಯ ಎಚ್ಚರಿಕೆ ಇರುವ ದಿನ, ರೈಲೂ ಇರಲಿಕ್ಕಿಲ್ಲ ಎಂದುಕೊಂಡೇ ಇಮಾಜುವಿನಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಉತ್ತರದಿಂದ ಮರಳುವಾಗ ರೈಲುಗಳು ನಾಲ್ಕೇ ಬೋಗಿಯವು, ಗಂಟೆಗೊಂದೇ ಎಂಬಷ್ಟು ವಿರಳ. ಕ್ಯೋಟೊದಿಂದ ಉತ್ತರಕ್ಕೆ ಹೋಗುವಾಗಲೂ ಉದ್ದದ ಶಿಂಕಾಯ್‌ಸೋಕು ಮೈಬಾರಾದಲ್ಲಿ ತುಂಡಾಗಿ ಮುಂದಿನ ನಾಲ್ಕು ಬೋಗಿ ಮಾತ್ರ ಮುಂದೆ ಹೋಗುವುದುಂಟು. ನಾಗಾಹಾಮಾ ಕಡೆ ಹೋಗುವವರು ಕ್ಯೋಟೊದಲ್ಲೇ ಮುಂದಿನ ಬೋಗಿ ಹತ್ತಿಕೊಳ್ಳಿ.